‘ಹೋಗಿ ಬರ್ತೀನ್ರಿ’: ಗಂಡನ ದೇಶಕ್ಕೆ ಎರಡು ಅರ್ಜಿಗಳು

ಘಟಪ್ರಭೆಯ ದಂಡೆಯ ನಮ್ಮ ಸೀಮೆಯಲ್ಲಿ ಹೊಸ್ತಿಲು ದಾಟುವ ಯಾವ ಹೆಣ್ಣುಮಗಳೂ ‘ಹೋಗ್ತೀನಿ’ ಎಂದು ಹೇಳಿ ಹೊರಡುವುದಿಲ್ಲ. ಸಂತೆಗೆ ಹೊರಟವಳಾಗಲಿ, ಪಂಚಮಿಯ ಉಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತವರಿನಿಂದ ಗಂಡನ ಮನೆಗೆ ಹೊರಟವಳಾಗಲಿ, ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ನಿಂತವಳಾಗಲಿ, ‘ಹೋಗಿ ಬರ್ತೀನ್ರಿ’ ಎಂದೇ ನುಡಿಯುತ್ತಾಳೆ; ಬಾಯಿ ತಪ್ಪಿ ಬರಿಯ ‘ಹೋಗ್ತೀನಿ’ ಎಂದವಳನ್ನು ಮನೆಯ ಹಿರಿಯಳು ಅಲ್ಲಿಯೇ ತಡೆದು, ‘ಹಂಗನಬಾರದವಾ, ಹೋಗಿ ಬರ್ತೀನಿ ಅನ್ನು’ ಎಂದು ತಿದ್ದಿ, ಕುಂಕುಮವಿಟ್ಟು ಕಳುಹಿಸುತ್ತಾಳೆ. ಹೋದವಳು ಇನ್ನು ಆ ಮನೆಯವಳೇ ಆಗುವಳೆಂಬುದು ಹೇಳಿದವಳಿಗೂ ಕೇಳಿದವರಿಗೂ ಗೊತ್ತಿರುತ್ತದೆ. ಆದರೂ ಬರುತ್ತೇನೆಂಬುದನ್ನು ಯಾರೂ ಸುಳ್ಳೆಂದು ಬಗೆಯುವುದಿಲ್ಲ. ಒಂದೇ ಉಸಿರಿನ ಎರಡು ಸಂಕಲ್ಪಗಳನ್ನು ಹೀಗೆ ಸಹಜವಾಗಿ ಹೊತ್ತಿರುವ ಈ ಮಾತು, ಸಮುದ್ರದಾಚೆಯ ಒಂದು ದೇಶದ ಕಾಯಿದೆಯಲ್ಲಿ ಒಂದು ಉಪವಿಧಿಯಾಗಿ ಕುಳಿತಿದೆಯೆಂದರೆ ನಮ್ಮ ಹಿರಿಯರು ನಕ್ಕಾರು. ಆದರೆ ಆ ಉಪವಿಧಿಯ ಅರ್ಥವನ್ನು ತಿಳಿಯದೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಕಣ್ಣೀರಿಟ್ಟವರನ್ನು ನಾನು ಕಂಡಿರುವುದರಿಂದ, ಅದರ ಕುರಿತು ಸಾವಕಾಶವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ಮನಸ್ಸಾಯಿತು.

ಒಂದು ಮನೆ, ಎರಡು ಅರ್ಜಿ

ಯಾರ ಮನೆಯ ಗುಟ್ಟನ್ನೂ ಬಯಲಿಗಿಡಬಾರದೆಂಬ ಸಂಕೋಚದಿಂದ, ಮೂರೂರುಗಳ ಹಲವು ಮನೆಗಳ ಅನುಭವವನ್ನು ಒಂದೇ ಮನೆಯಲ್ಲಿಟ್ಟು ಹೇಳುತ್ತೇನೆ. ಹುಡುಗಿಯ ತವರು ಮೂಡಲಗಿ. ಕೊಟ್ಟ ಮನೆ ಹುಕ್ಕೇರಿ. ಅವಳು ಕಲಿಸುವ ಶಾಲೆ ಗೋಕಾಕದಲ್ಲಿ. ಗಂಡ ಕೆನಡಾದ ಟೊರಾಂಟೋ ನಗರದ ಮಗ್ಗುಲಿನ ಮಿಸ್ಸಿಸಾಗಾದಲ್ಲಿದ್ದಾನೆ. ಓದಲು ಹೋದವನು ಅಲ್ಲಿಯೇ ಕೆಲಸ ಹಿಡಿದು, ಕಾಯಂ ನಿವಾಸದ ಹಕ್ಕನ್ನು ಪಡೆದವನು. ಲಗ್ನಕ್ಕೆಂದು ಮೂರು ವಾರಗಳ ರಜೆಯಲ್ಲಿ ಬಂದು, ಅರಿಶಿಣ ಮಾಸುವ ಮುನ್ನವೇ ವಿಮಾನವೇರಿದ. ಅಂದಿನಿಂದ ಅವರ ದಾಂಪತ್ಯವು ಕೈಯಗಲದ ಗಾಜಿನ ಮೇಲೆ ನಡೆಯುತ್ತಿದೆ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಆದ್ದರಿಂದ ಇವಳು ರಾತ್ರಿಯ ರೊಟ್ಟಿ ತಟ್ಟಿ ಕೈ ತೊಳೆದುಕೊಳ್ಳುವ ಹೊತ್ತಿಗೆ ಅವನು ಮಧ್ಯಾಹ್ನದ ಡಬ್ಬಿ ಬಿಚ್ಚಿರುತ್ತಾನೆ, ಇವಳು ಎದ್ದು ಅಂಗಳಕ್ಕೆ ನೀರು ಚಿಮುಕಿಸುವಾಗ ಅವನು ನಿನ್ನೆಯ ಸಂಜೆಯಲ್ಲಿಯೇ ಇರುತ್ತಾನೆ.

ಹೆಂಡತಿಯನ್ನು ಕರೆಸಿಕೊಳ್ಳಲು ಅವನು ಸಲ್ಲಿಸಿದ ಮೊದಲನೆಯ ಅರ್ಜಿಗೆ ಅಲ್ಲಿ ‘ಸ್ಪಾನ್ಸರ್‌ಶಿಪ್’ ಎನ್ನುತ್ತಾರೆ. ನಮ್ಮಲ್ಲಿ ‘ಜಾಮೀನು ನಿಲ್ಲುವುದು’ ಎಂದರೆ ಭಾವ ಮುಟ್ಟೀತು. ಇವಳು ಬಂದ ಮೇಲೆ ಮೂರು ವರ್ಷಗಳ ಪರ್ಯಂತ ಇವಳ ಅನ್ನ, ಬಟ್ಟೆ, ವಸತಿಗಳ ಭಾರವು ತನ್ನದೇ, ಸರಕಾರದ್ದಲ್ಲವೆಂದು ಗಂಡನು ಲಿಖಿತ ವಚನವನ್ನು ಕೊಡಬೇಕು. ಇಷ್ಟು ವರಮಾನವಿರಲೇಬೇಕೆಂಬ ಕಟ್ಟಳೆ ಸಾಮಾನ್ಯವಾಗಿ ಹೆಂಡತಿಯ ವಿಷಯದಲ್ಲಿಲ್ಲ. ಆದರೆ ತಾನೇ ಹಿಂದೊಮ್ಮೆ ಮದುವೆಯ ಜಾಮೀನಿನ ಮೇಲೆ ಬಂದವನಾಗಿದ್ದರೆ ಕಾಯಂ ನಿವಾಸಿಯಾದ ದಿನದಿಂದ ಐದು ವರ್ಷ ಕಳೆಯುವವರೆಗೆ ಮತ್ತೊಬ್ಬಳಿಗೆ ಜಾಮೀನು ನಿಲ್ಲುವಂತಿಲ್ಲ. ಇಂಥ ಅರ್ಜಿಯನ್ನು ಇತ್ಯರ್ಥಪಡಿಸಲು ಅಲ್ಲಿಯ ಇಲಾಖೆ ತನಗೆ ತಾನೇ ಹಾಕಿಕೊಂಡಿದ್ದ ಗುರಿ 12 ತಿಂಗಳು. ಹನ್ನೆರಡು ತಿಂಗಳೆಂಬುದು ಕಚೇರಿಯ ಲೆಕ್ಕದಲ್ಲಿ ಒಂದು ಅಂಕೆ. ಮದುವೆಯಾಗಿ ಇಪ್ಪತ್ತು ದಿನ ಜೊತೆಗಿದ್ದವರ ಲೆಕ್ಕದಲ್ಲಿ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿ.

ಆ ನಡುವಿನಲ್ಲಿ ನಾಲ್ಕಾರು ತಿಂಗಳಾದರೂ ಗಂಡನೊಡನೆ ಇದ್ದು ಬರಲೆಂದು ಹಾಕುವುದೇ ಎರಡನೆಯ ಅರ್ಜಿ, ಪ್ರವಾಸಿ ವೀಸಾದ್ದು. ತೊಡಕು ಇಲ್ಲಿಂದ ಮೊದಲು. ‘ನಾನು ನಿಮ್ಮ ದೇಶದಲ್ಲಿ ಶಾಶ್ವತವಾಗಿ ನೆಲೆಸಬಯಸುತ್ತೇನೆ’ ಎಂದು ಒಂದು ಕಾಗದ ಹೇಳುತ್ತದೆ. ‘ನಾನು ನೋಡಿಕೊಂಡು ಮರಳುತ್ತೇನೆ’ ಎಂದು ಇನ್ನೊಂದು ಹೇಳುತ್ತದೆ. ಎರಡರ ಕೆಳಗೂ ಒಬ್ಬಳದೇ ರುಜು. ಇದನ್ನು ಕಂಡು ಗಾಬರಿಯಾದ ಮನೆಯವರಿಗೆ ಪೇಟೆಯ ಏಜಂಟನೊಬ್ಬನು ಕೊಡುವ ಉಪದೇಶವು ಸಾಮಾನ್ಯವಾಗಿ ಒಂದೇ ಮಾದರಿಯದು: ‘ಆ ಫೈಲಿನ ಮಾತ ತೆಗೀಬ್ಯಾಡ್ರಿ ಮಾವಾರ. ಟೂರಿಗೆ ಹೊಂಟೀವಿ ಅಂತ ಬರದ್ರ ಮುಗೀತು.’ ಆ ಮಾತಿಗಿಂತ ಅಪಾಯಕರವಾದ ಮಾತು ಈ ವ್ಯವಹಾರದಲ್ಲಿ ಇನ್ನೊಂದಿಲ್ಲ.

ತಡೆದ ಹಡಗುಗಳ ಕಾಲ

ಗಂಡನಿರುವ ದೇಶಕ್ಕೆ ಹೆಂಡತಿ ಹೋಗುವುದು ರಾಜಕಾರಣದ ಪ್ರಶ್ನೆಯಾದದ್ದು ಇಂದಿನ ಮಾತಲ್ಲ. 1908ರಲ್ಲಿ ಕೆನಡಾ ಒಂದು ವಿಚಿತ್ರ ನಿಯಮವನ್ನು ಮಾಡಿತು: ಬರುವವರು ತಮ್ಮ ದೇಶದಿಂದ ಎಲ್ಲಿಯೂ ಇಳಿಯದೆ, ಒಂದೇ ಟಿಕೀಟಿನಲ್ಲಿ, ಅಖಂಡ ಪಯಣದಲ್ಲಿ ಬಂದಿರಬೇಕು. ಹಿಂದುಸ್ತಾನದ ಹೆಸರನ್ನು ಎಲ್ಲಿಯೂ ಎತ್ತದೆ ಹಿಂದುಸ್ತಾನದವರನ್ನು ತಡೆಯುವ ಜಾಣತನ ಅದು. 1912ರ ಜನವರಿಯಲ್ಲಿ ಭಾಗ್ ಸಿಂಗ್, ಬಲವಂತ ಸಿಂಗ್ ಎಂಬ ಇಬ್ಬರು ಸಿಖ್ಖರು ಊರಿಗೆ ಹೋಗಿ ತಮ್ಮ ಹೆಂಡಂದಿರಾದ ಹರನಾಮ ಕೌರ್, ಕರ್ತಾರ ಕೌರ್ ಎಂಬವರನ್ನು ಕರೆದುಕೊಂಡು ವ್ಯಾಂಕೂವರಿನ ಬಂದರಿಗೆ ಬಂದಾಗ, ಗಂಡಸರು ಮೊದಲಿನಿಂದ ಅಲ್ಲಿಯ ನಿವಾಸಿಗಳೆಂದು ಅವರಿಗೆ ಇಳಿಯಲು ಅನುಮತಿಯೂ ಹೆಂಗಸರಿಗೆ ಮರಳಿ ಹೋಗುವ ಆಜ್ಞೆಯೂ ಆದವು. ತಿಂಗಳುಗಟ್ಟಲೆ ಕೂಗಾಟ, ವಾದ, ವಿಜ್ಞಾಪನೆಗಳಾದ ಮೇಲೆ, ಇದು ಹಕ್ಕಲ್ಲ, ಕೃಪೆ ಮಾತ್ರವೆಂದು ಹೇಳಿ ಅವರನ್ನು ಇರಗೊಟ್ಟರು. ಅಲ್ಲಿ ನೆಲೆಸಿದ ಹಿಂದುಸ್ತಾನಿಗಳ ಹೆಂಡಿರು ಮಕ್ಕಳು ಬರಬಹುದೆಂಬ ವಿಧಿಯಾಗಲು 1919 ಬರಬೇಕಾಯಿತು. ಅಖಂಡ ಪಯಣದ ನಿಯಮವು ಅಳಿದದ್ದು 1947ರಲ್ಲಿ.

ಅದೇ ಕಾಲದಲ್ಲಿ ನಮ್ಮ ಕಡೆಯ ಒಬ್ಬರು ಅಮೇರಿಕೆಗೆ ಹೋಗಿ ಬಂದರು. ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದೊಡನೆ ಹೆಸರು ಬೆಸೆದಿರುವ ಡಾ. ನಾ. ಸು. ಹರ್ಡೀಕರರು 1916ರಲ್ಲಿ ಹೊರಟು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿ, ಅಲ್ಲಿ ಲಾಲಾ ಲಜಪತರಾಯರೊಡನೆ ದುಡಿದು, 1921ರಲ್ಲಿ ಮರಳಿದರು. 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಹೋದವರು ಬರುತ್ತಾರೆಂಬ ನಮ್ಮ ಸೀಮೆಯ ನಂಬುಗೆಗೆ ಅವರ ಬಾಳು ಒಂದು ಸಾಕ್ಷಿಯಾಗಿ ನಿಂತಿದೆ. ಆದರೆ ವೀಸಾ ಅಧಿಕಾರಿಯ ಮುಂದೆ ಒಬ್ಬರ ಸಾಕ್ಷಿ ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಪ್ರತಿಯೊಬ್ಬಳೂ ತನ್ನ ಬರುವಿಕೆಯನ್ನು ತಾನೇ ಸ್ಥಾಪಿಸಬೇಕು.

ಕಾಯಿದೆ ಏನು ಹೇಳುತ್ತದೆ?

ಕೆನಡಾದ ವಲಸೆ ಮತ್ತು ನಿರಾಶ್ರಿತ ರಕ್ಷಣಾ ಕಾಯಿದೆಯು 2001ರಲ್ಲಿ ರೂಪುಗೊಂಡು 2002ರ ಜೂನ್ 28ರಂದು ಜಾರಿಗೆ ಬಂದಿತು. ಅದರ ಕೆಳಗಿನ ನಿಯಮಾವಳಿಯಲ್ಲಿ 179ನೆಯದು ಪ್ರವಾಸಿ ವೀಸಾದ ಮಾತು: ಕೊಟ್ಟ ಅವಧಿ ಮುಗಿಯುವಷ್ಟರಲ್ಲಿ ಅರ್ಜಿದಾರಳು ದೇಶವನ್ನು ಬಿಟ್ಟು ಹೊರಡುವಳೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಇದೊಂದನ್ನೇ ಓದಿದವನು ಏಜಂಟನ ಉಪದೇಶವನ್ನು ನಂಬಿಯಾನು. ಆದರೆ ಮೂಲ ಕಾಯಿದೆಯ 22ನೆಯ ಕಲಮಿನ ಎರಡನೆಯ ಉಪವಿಧಿಯು, ಒಬ್ಬರಿಗೆ ಕಾಯಂ ನಿವಾಸಿಯಾಗುವ ಇಚ್ಛೆಯಿದೆಯೆಂಬ ಮಾತ್ರಕ್ಕೆ ಅವರು ತಾತ್ಕಾಲಿಕವಾಗಿ ಬರಲು ಅನರ್ಹರಾಗುವುದಿಲ್ಲ, ಅವಧಿ ತೀರಿದಾಗ ಹೊರಡುವರೆಂಬ ನಂಬಿಕೆ ಹುಟ್ಟಿದರೆ ಸಾಕು, ಎಂದು ಸ್ಪಷ್ಟವಾಗಿ ವಿಧಿಸಿದೆ. ದ್ವಿವಿಧ ಸಂಕಲ್ಪವೆಂದು ಇದನ್ನು ಕರೆಯಬಹುದು. ‘ಹೋಗಿ ಬರ್ತೀನ್ರಿ’ ಎಂಬ ನಮ್ಮ ಹೊಸ್ತಿಲಿನ ಮಾತಿಗೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಮ್ಮವರೇ ಬರೆದಿಲ್ಲ.

ಅಂದ ಬಳಿಕ ಮುಚ್ಚಿಡುವ ಅಗತ್ಯವೆಲ್ಲಿಯದು? ಮುಚ್ಚಿಡುವುದು ಸಾಧ್ಯವೂ ಇಲ್ಲ. ಹಿಂದೆ ಯಾವ ಅರ್ಜಿ ಸಲ್ಲಿಸಿರುವಿರಿ, ಎಲ್ಲಿಯಾದರೂ ನಿರಾಕರಣೆಯಾಗಿದೆಯೆ, ವಿವಾಹಿತರೋ ಅವಿವಾಹಿತರೋ ಎಂದು ಫಾರ್ಮಿನಲ್ಲಿಯೇ ಕೇಳಿರುತ್ತಾರೆ. ಗಂಡನು ಹಾಕಿದ ಮೊದಲನೆಯ ಅರ್ಜಿಯು ಅದೇ ಇಲಾಖೆಯ ಗಣಕಯಂತ್ರದಲ್ಲಿರುತ್ತದೆ. ಸುಳ್ಳು ಹೇಳಿದ್ದು, ಅಥವಾ ಹೇಳಬೇಕಾದ್ದನ್ನು ಮರೆಮಾಚಿದ್ದು ಹೊರಬಿದ್ದರೆ 40ನೆಯ ಕಲಮಿನಂತೆ ಐದು ವರ್ಷಗಳ ಕಾಲ ಆ ದೇಶದ ಬಾಗಿಲು ಮುಚ್ಚುತ್ತದೆ. 2014ರ ವರೆಗೆ ಈ ಶಿಕ್ಷೆ ಎರಡೇ ವರ್ಷದ್ದಾಗಿತ್ತು. ಆ ನಿಷೇಧವು ಪ್ರವಾಸಕ್ಕೆ ಮಾತ್ರವಲ್ಲದೆ ಕಾಯಂ ನಿವಾಸಕ್ಕೂ ತಗಲುವುದರಿಂದ, ಆರು ತಿಂಗಳ ಭೇಟಿಗಾಗಿ ಆಡಿದ ಸುಳ್ಳು ಐದು ವರ್ಷಗಳ ಅಗಲಿಕೆಯನ್ನು ಕೊಂಡಂತಾಗುತ್ತದೆ.

ಹೆಸರು, ಊರು, ಲಗ್ನಪತ್ರಿಕೆ

ನಿಜವನ್ನೇ ಹೇಳುವೆವೆಂದು ಕುಳಿತರೂ ನಮ್ಮ ಸೀಮೆಯ ನಿಜವು ಪರದೇಶದ ಫಾರ್ಮಿನ ಚೌಕಗಳಲ್ಲಿ ಸುಲಭವಾಗಿ ಹಿಡಿಸುವುದಿಲ್ಲ. ಮೊದಲು ಹೆಸರನ್ನೇ ನೋಡಿರಿ. 1956ರ ನವೆಂಬರ್ 1ರ ವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಪದಗಳನ್ನು ಬರೆಯುವ ರೂಢಿಯಿದೆ. ಲಗ್ನವಾದೊಡನೆ ನಡುವಿನ ತಂದೆ ಸರಿದು ಗಂಡ ಬರುತ್ತಾನೆ, ಕೊನೆಯ ಅಡ್ಡಹೆಸರೂ ಬದಲಾಗುತ್ತದೆ. ಕೆಲವು ಮನೆಗಳಲ್ಲಿ ಸೊಸೆಯ ಸ್ವಂತ ಹೆಸರನ್ನೂ ಅಕ್ಕಿಯಲ್ಲಿ ಬರೆದು ಬದಲಿಸುವ ಪದ್ಧತಿಯಿದೆ. ಹೀಗಾಗಿ ಹತ್ತನೆಯ ಇಯತ್ತೆಯ ಪ್ರಮಾಣಪತ್ರದಲ್ಲಿ ಒಬ್ಬಳು, ಆಧಾರ್ ಕಾರ್ಡಿನಲ್ಲಿ ಇನ್ನೊಬ್ಬಳು, ಪಾಸ್‌ಪೋರ್ಟಿನಲ್ಲಿ ಮತ್ತೊಬ್ಬಳು. ಮೂವರೂ ಒಬ್ಬಳೇ ಎಂದು ಪ್ರತಿಜ್ಞಾಪತ್ರ ಮಾಡಿಸಿ ನಂಬಿಸಬೇಕು.

ಊರಿನ ಕತೆಯೂ ಅಷ್ಟೇ ಸೊಗಸಾಗಿದೆ. ಮೂಡಲಗಿಯು ಈಚೆಗೆ ತಾಲೂಕಾದ ಊರು. ಅದಕ್ಕೂ ಮೊದಲು ಹುಟ್ಟಿದವಳ ಕಾಗದದಲ್ಲಿ ‘ತಾಲೂಕು ಗೋಕಾಕ’ ಎಂದೂ ಈಗಿನ ಕಾಗದದಲ್ಲಿ ‘ತಾಲೂಕು ಮೂಡಲಗಿ’ ಎಂದೂ ಇರುತ್ತದೆ. ಇಂಗ್ಲಿಷಿನಲ್ಲಿ ‘ಬೆಲ್ಗಾಂ’ ಎಂದಿದ್ದ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ‘ಬೆಳಗಾವಿ’ಯಾಯಿತು. ಅಲುಗದೆ ಒಂದೇ ಮನೆಯಲ್ಲಿ ಬೆಳೆದ ಹುಡುಗಿಯು ಕಾಗದದ ಮೇಲೆ ಎರಡು ತಾಲೂಕು, ಎರಡು ಜಿಲ್ಲೆಗಳನ್ನು ಸುತ್ತಿದವಳಂತೆ ಕಾಣುತ್ತಾಳೆ. ಇನ್ನು ಹುಕ್ಕೇರಿಯ ಅತ್ತೆಯ ಮನೆಯ ವಿಳಾಸಕ್ಕೆ ಪುರಾವೆಯಾಗಿ ವಿದ್ಯುತ್ ಬಿಲ್ಲನ್ನು ಇಟ್ಟರೆ, ಅದು ಉಳಿದೂರುಗಳಂತೆ ಸರಕಾರಿ ಕಂಪನಿಯದಲ್ಲ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಬಳಕೆದಾರರೇ ಸದಸ್ಯರಾಗಿ ದೀಪ ಉರಿಸಿಕೊಳ್ಳುವ ಈ ಸಂಘದ ಹೆಸರಿಗೆ ಒಂದು ಸಾಲಿನ ವಿವರಣೆ ಬರೆದು ಲಗತ್ತಿಸುವುದು ಮೇಲು, ಏಕೆಂದರೆ ಓದುವವನು ಹುಕ್ಕೇರಿಯ ಗುಮ್ಮಟಗಳನ್ನೂ ಕಂಡವನಲ್ಲ, ಸಹಕಾರಿ ದೀಪವನ್ನೂ ಕಂಡವನಲ್ಲ.

ಮದುವೆಯು ನಿಜವಾದದ್ದೇ, ಅಥವಾ ವಲಸೆಗಾಗಿ ಹೂಡಿದ ನಾಟಕವೇ ಎಂಬುದನ್ನೂ ಅವರು ಪರೀಕ್ಷಿಸುತ್ತಾರೆ. 2015ರಿಂದ ಈಚೆಗೆ, ವಧೂವರರಲ್ಲಿ ಒಬ್ಬರು ಎದುರಿಗಿಲ್ಲದೆ ಫೋನಿನಲ್ಲೋ ಪ್ರತಿನಿಧಿಯ ಮೂಲಕವೋ ಆದ ಮದುವೆಯನ್ನು ಸಾಮಾನ್ಯವಾಗಿ ಅವರು ಒಪ್ಪುವುದಿಲ್ಲ. ನಮ್ಮ ಗಡಿಭಾಗದ ‘ಯಾದಿ ಮ್ಯಾಲ ಶಾದಿ’ ಎಂಬ ಸರಳ ಸಂಪ್ರದಾಯವು, ಯಾದಿ ಬರೆಯಲು ಕೂಡಿದ ದಿನವೇ ಅಕ್ಷತೆ ಹಾಕಿ ದುಂದು ತಪ್ಪಿಸುವ ವಿವೇಕದ ಪದ್ಧತಿ. ಆದರೆ ಅದನ್ನರಿಯದವನ ಕಣ್ಣಿಗೆ ಐವತ್ತು ಜನರ ನಡುವೆ ಒಂದೇ ದಿನದಲ್ಲಿ ಮುಗಿದ ಲಗ್ನವು ಅವಸರದ ಲಗ್ನವಾಗಿ ತೋರಬಹುದು. ಅಕ್ಕನ ಮಗಳನ್ನು ತಂದುಕೊಂಡ ಮನೆಯಾದರೆ ಸಂಬಂಧವನ್ನು ಅಡಗಿಸುವ ಗೋಜಿಗೆ ಹೋಗಬಾರದು. ರೂಢಿಯಿದ್ದಲ್ಲಿ 1955ರ ಹಿಂದೂ ವಿವಾಹ ಕಾಯಿದೆಯು ಅದಕ್ಕೆ ಎಡೆಗೊಡುತ್ತದೆ. ಕೆನಡಾದ 1990ರ ಕಾಯಿದೆಯೂ ನೇರ ವಂಶಪರಂಪರೆಯವರ ಹಾಗೂ ಒಡಹುಟ್ಟಿದವರ ನಡುವಿನ ವಿವಾಹವನ್ನು ಮಾತ್ರ ನಿಷೇಧಿಸಿದೆ. ಲಗ್ನಪತ್ರಿಕೆಯನ್ನು ಭಾಷಾಂತರಿಸುವವರು ಮಾತ್ರ ಎಚ್ಚರದಿಂದಿರಬೇಕು, ‘ಚಿ. ಸೌ.’ ಎಂಬುದನ್ನು ಹೆಸರಿನ ಮೊದಲಕ್ಷರಗಳೆಂದು ಭ್ರಮಿಸಿ ಇಂಗ್ಲಿಷಿಗೆ ಇಳಿಸಿದರೆ, ‘ಚಿರಂಜೀವಿ ಸೌಭಾಗ್ಯವತಿ’ ಎಂದು ಹಿರಿಯರು ಹರಸಿದ ಹರಕೆಯು ಹುಡುಗಿಗೆ ನಾಲ್ಕನೆಯ ಹೆಸರೊಂದನ್ನು ಕೂಡಿಸಿ ಕಾಡುತ್ತದೆ. ಇವೆಲ್ಲಕ್ಕೂ ಮೇಲಾಗಿ ಬೇಕಾದದ್ದು ಉಪನೋಂದಣಾಧಿಕಾರಿಯ ಕಚೇರಿಯ ವಿವಾಹ ನೋಂದಣಿ ಪತ್ರ. ಎಲ್ಲ ಮದುವೆಗಳ ನೋಂದಣಿಯೂ ಕಡ್ಡಾಯವಾಗಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೇ ಹೇಳಿದ್ದರೂ, ವೀಸಾದ ಮಾತು ಬರುವವರೆಗೆ ಆ ಕಚೇರಿಯ ಮೆಟ್ಟಿಲು ಹತ್ತದವರು ನಮ್ಮಲ್ಲಿ ಬಹಳ.

ಮರಳಿ ಬರಲು ನಿನಗೇನಿದೆ?

ಇಷ್ಟಾದ ಮೇಲೆ ಉಳಿಯುವ ಪ್ರಶ್ನೆಯು ಎಲ್ಲಕ್ಕಿಂತ ಕಠಿಣವಾದದ್ದು: ಅವಧಿ ಮುಗಿದೊಡನೆ ಮರಳಿ ಬರಲು ನಿನಗೆ ಅಲ್ಲೇನಿದೆ? ಗಂಡಸಿಗೆ ಈ ಪ್ರಶ್ನೆ ಬಿದ್ದರೆ ಅವನು ಹೊಲದ ಉತಾರವನ್ನೋ, ಕಾರಖಾನೆಯಿಂದ ಬಂದ ಕಬ್ಬಿನ ಬಿಲ್ಲನ್ನೋ, ಪೇಟೆಯಲ್ಲಿಯ ಅಂಗಡಿಯ ಪರವಾನಗಿಯನ್ನೋ ಮುಂದಿಡುತ್ತಾನೆ. ಮಗಳ ಹೆಸರಿನಲ್ಲಿ ಏನಿರುತ್ತದೆ? ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿನ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಮದುವೆಯಾಗದ ಮಕ್ಕಳ ಮಟ್ಟಿಗೆ ಕೊಟ್ಟಿತು, ದೇಶವು 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆದರೆ ಲಗ್ನದ ಹಿಂದುಮುಂದಿನ ದಿನಗಳಲ್ಲಿ, ಅಣ್ಣತಮ್ಮಂದಿರ ಪ್ರೀತಿ ಕೆಡಬಾರದೆಂದು, ತವರಿನ ಬಾಗಿಲು ಸದಾ ತೆರೆದಿರಬೇಕೆಂದು, ಹಕ್ಕುಸೋಡಪತ್ರಕ್ಕೆ ರುಜು ಹಾಕಿ ಒಂದು ಸೀರೆಯನ್ನು ಉಡಿಯಲ್ಲಿ ತುಂಬಿಸಿಕೊಂಡು ಬರುವುದೇ ನಮ್ಮ ಹೆಣ್ಣುಮಕ್ಕಳ ನಡೆ. ತವರಿಗೆ ಮರಳುವ ದಾರಿಯನ್ನು ಉಳಿಸಿಕೊಳ್ಳಲೆಂದೇ ಅವಳು ಬಿಟ್ಟುಕೊಟ್ಟ ಆ ಹೊಲ, ಈಗ ಮರಳುವಳೆಂದು ರುಜುವಾತುಪಡಿಸಬೇಕಾದ ಹೊತ್ತಿನಲ್ಲಿ ಅವಳ ಬೆಂಬಲಕ್ಕೆ ನಿಲ್ಲದು. ಎಷ್ಟು ಪುಸ್ತಕಗಳು ಹೇಳಿದರೂ ತಿಳಿಯದ ನಮ್ಮ ಮನೆಗಳ ಲೆಕ್ಕವೊಂದು ಪರದೇಶದ ಗುಮಾಸ್ತನ ಒಂದು ಪ್ರಶ್ನೆಯಿಂದ ಬಯಲಾಯಿತೆಂದು ನನಗೆ ಅನಿಸಿದ್ದುಂಟು.

ಹಾಗೆಂದು ಅವಳು ಬರಿಗೈಯವಳಲ್ಲ. ಗೋಕಾಕದ ಶಾಲೆಯಿದೆ, ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಮಂಜೂರಾಗಿದೆ, ಮರಳಿ ಕೆಲಸಕ್ಕೆ ಹಾಜರಾಗತಕ್ಕದ್ದೆಂದು ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಪತ್ರವು ಒಂದು ಎಕರೆ ಹೊಲಕ್ಕೆ ಕಡಿಮೆಯದಲ್ಲ. ಅವಳ ಸಂಬಳ ಬೀಳುವ ಖಾತೆಯಿದೆ, ಸೊಸಾಯಿಟಿಯಲ್ಲಿ ಠೇವಣಿಯಿದೆ, ವಯಸ್ಸಾದ ತಾಯಿತಂದೆಗಳಿದ್ದಾರೆ, ತಿರುಗಿ ಬರುವ ಟಿಕೀಟಿನ ವಿವರವಿದೆ. ಇವೆಲ್ಲಕ್ಕಿಂತ ಬಲವಾದದ್ದು, ಏಜಂಟನು ಮುಚ್ಚಿಡಲು ಹೇಳಿದ ಆ ಮೊದಲನೆಯ ಅರ್ಜಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವಧಿ ಮೀರಿ ಕದ್ದು ಉಳಿಯುವವನು ಬೇರೆ ದಾರಿಯಿಲ್ಲದವನು. ಇವಳಿಗೋ ನೇರವಾದ ರಾಜಮಾರ್ಗವೊಂದು ತೆರೆಯುತ್ತಿದೆ, ನಿಯಮ ಮುರಿದರೆ ಕಳೆದುಕೊಳ್ಳುವುದು ಅದನ್ನೇ. ಶುಲ್ಕ ಕಟ್ಟಿ, ವೈದ್ಯಪರೀಕ್ಷೆಗೂ ಪೋಲೀಸ್ ಪ್ರಮಾಣಪತ್ರಕ್ಕೂ ತಿರುಗಾಡಿ ಹದಗೊಳಿಸಿದ ಕಾಯಂ ನಿವಾಸದ ಅರ್ಜಿಯನ್ನು ನಾಲ್ಕು ದಿನದ ಮೋಹಕ್ಕೆ ಯಾವ ಬುದ್ಧಿವಂತಳು ಹಾಳುಮಾಡಿಕೊಂಡಾಳು? ಕಾದಿರುವ ಅರ್ಜಿಯೇ ಮರಳುವಿಕೆಗೆ ಜಾಮೀನು. ಅರ್ಜಿಯೊಡನೆ ಇಡುವ ಪತ್ರದಲ್ಲಿ ಇದನ್ನು ಸರಳವಾಗಿ ಹೇಳಬೇಕು: ನನ್ನ ಗಂಡ ನನಗಾಗಿ ಇಂಥ ದಿನ ಅರ್ಜಿ ಹಾಕಿದ್ದಾನೆ, ಅದರ ಸಂಖ್ಯೆ ಇಂಥದು, ಅದು ಮುಗಿಯುವವರೆಗೆ ಅವನೊಡನೆ ಇಷ್ಟು ದಿನ ಇರಬಯಸುತ್ತೇನೆ, ಅನುಮತಿ ಸಿಗದಿದ್ದರೆ, ಅಥವಾ ಅವಧಿ ತೀರಿದರೆ, ಮರಳಿ ಬಂದು ಇಲ್ಲಿಯೇ ಕಾಯುತ್ತೇನೆ. ಗಂಡನ ಪತ್ರವೂ ಇದನ್ನೇ ಪುಷ್ಟೀಕರಿಸಬೇಕು.

ಎಲ್ಲ ದೇಶಗಳೂ ಈ ಮಾತಿಗೆ ಕಿವಿಗೊಡುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಅಮೇರಿಕೆಯ 1952ರ ಕಾಯಿದೆಯ 214(ಬಿ) ಎಂಬ ಕಲಮು, ಬರುವವನು ನೆಲೆಸಲೆಂದೇ ಬರುತ್ತಾನೆಂದು ಮೊದಲೇ ಭಾವಿಸಿ, ಅಲ್ಲವೆಂದು ತೋರಿಸುವ ಭಾರವನ್ನು ಅವನ ಮೇಲೆಯೇ ಹೊರಿಸುತ್ತದೆ. ಪ್ರವಾಸಿಗೆ ಅಲ್ಲಿ ದ್ವಿವಿಧ ಸಂಕಲ್ಪದ ಆಸರೆಯಿಲ್ಲದ ಕಾರಣ, ಗಂಡನ ಅರ್ಜಿ ಬಾಕಿಯಿರುವ ಹೆಂಡತಿಗೆ ಪ್ರವಾಸಿ ವೀಸಾ ದೊರೆಯುವುದು ದುರ್ಲಭ. ಆಸ್ಟ್ರೇಲಿಯಾವು ವೀಸಾ ಕೊಟ್ಟರೂ ಕೆಲವೊಮ್ಮೆ 8503 ಎಂಬ ಷರತ್ತನ್ನು ಅಂಟಿಸಿ, ಬಂದವರು ಅಲ್ಲಿದ್ದುಕೊಂಡೇ ಮತ್ತೊಂದು ವೀಸಾ ಕೇಳದಂತೆ ಕಟ್ಟುತ್ತದೆ. ಇಂಗ್ಲೆಂಡಿನಲ್ಲಂತೂ ತೊಡಕು ಅರ್ಜಿಯ ಬುಡದಲ್ಲಿಯೇ ಇದೆ: ಹೆಂಡತಿಯನ್ನು ಕರೆಸುವವನ ವಾರ್ಷಿಕ ವರಮಾನ 29,000 ಪೌಂಡ್ ಇರಬೇಕೆಂದು 2024ರ ಏಪ್ರಿಲ್‌ನಲ್ಲಿ ಏರಿಸಿದರು, ಅದಕ್ಕೂ ಮುಂಚೆ ಅದು 18,600 ಆಗಿತ್ತು.

ಬೆರಳಚ್ಚು, ಕಾಯುವಿಕೆ, ನಿರಾಕರಣೆ

ಅರ್ಜಿಯನ್ನು ಮನೆಯಲ್ಲಿ ಕುಳಿತೇ ಗಣಕಯಂತ್ರದಲ್ಲಿ ಸಲ್ಲಿಸಬಹುದು. ವೀಸಾಕ್ಕೆ 100 ಕೆನಡಾ ಡಾಲರು, ಬೆರಳಚ್ಚಿಗೂ ಭಾವಚಿತ್ರಕ್ಕೂ 85 ಡಾಲರು ಶುಲ್ಕ. ಬೆರಳುಗಳನ್ನು ಮಾತ್ರ ಟಪಾಲಿನಲ್ಲಿ ಕಳುಹಲು ಬಾರದಾದ್ದರಿಂದ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಘಟಪ್ರಭಾ ಸ್ಟೇಶನ್ನಿನಲ್ಲಿ ಹತ್ತಿ, ರಾತ್ರಿಯಿಡೀ ಪಯಣಿಸಿ, ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಹತ್ತು ಬೆರಳುಗಳನ್ನೂ ಗಾಜಿನ ಮೇಲೆ ಒತ್ತಿ, ಮತ್ತೆ ರಾತ್ರಿಯ ಗಾಡಿಗೆ ಮರಳುವ ಒಂದು ಯಾತ್ರೆಯು ನಮ್ಮವರಿಗೆ ಕಟ್ಟಿಟ್ಟದ್ದು. ಜೊತೆಗೆ ಮಾವನವರು ಬಂದರೂ ಒಳಗೆ ಬಿಡುವುದು ಅರ್ಜಿದಾರಳನ್ನು ಮಾತ್ರ.

2023ರ ಮೇ 26ರಂದು ಆ ದೇಶದ ಅಂದಿನ ವಲಸೆ ಮಂತ್ರಿ ಶಾನ್ ಫ್ರೇಸರ್ ಅವರು, ಜಾಮೀನಿನ ಅರ್ಜಿ ಬಾಕಿಯಿರುವ ಗಂಡಹೆಂಡಿರ ಪ್ರವಾಸಿ ವೀಸಾಗಳನ್ನು ಬೇರೆಯಾಗಿ, ಬಹುಪಾಲು 30 ದಿನಗಳೊಳಗೆ ಪರಿಶೀಲಿಸುವ ಕ್ರಮವನ್ನು ಪ್ರಕಟಿಸಿದರು; ಇಂಥ ಅರ್ಜಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂಜೂರಾಗುತ್ತಿವೆಯೆಂದೂ ಆಗ ಇಲಾಖೆ ತಿಳಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ವೈಮನಸ್ಯವುಂಟಾಗಿ, ಕೆನಡಾ ತನ್ನ 41 ರಾಜತಾಂತ್ರಿಕರನ್ನು ಹಿಂದೆ ಕರೆಸಿಕೊಂಡಾಗ, ಭಾರತದಲ್ಲಿದ್ದ ಆ ದೇಶದ ವಲಸೆ ಸಿಬ್ಬಂದಿಯು 27ರಿಂದ 5ಕ್ಕೆ ಇಳಿಯಿತು. ಇಬ್ಬರು ದೊರೆಗಳು ಮುನಿಸಿಕೊಂಡರೆ ನಡುವೆ ನರಳುವವರು ದೂರದೂರುಗಳಲ್ಲಿರುತ್ತಾರೆಂಬುದು ಆ ಚಳಿಗಾಲದಲ್ಲಿ ನಮಗೂ ತಿಳಿಯಿತು.

ಕಾಯುವ ಹೆಂಡತಿಯ ಚಿತ್ರವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣನು ರೂಪಿಸಿದ, ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯರು ಊರೂರು ಮೆರೆಸಿದ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನ ವರೆಗೆ ಕುಳಿತು ನೋಡಿದವರಿಗೆ, ವಿರಹದಿಂದ ಬೆಂದ ಸತ್ಯಭಾಮೆಯೂ ಅವಳ ದೂತಿಯೂ ಮನೆಯವರಷ್ಟೇ ಪರಿಚಿತರು. ಸತ್ಯಭಾಮೆಗೆ ಒಂದು ಅನುಕೂಲವಿತ್ತು. ಅವಳ ದೂತಿಗೆ ಬಾಯಿತ್ತು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಇವಳ ದೂತಿಯು ಗಣಕಯಂತ್ರದ ಪರದೆಯ ಮೇಲಿನ ಒಂದು ಸಾಲು. ದಿನಕ್ಕೆ ಹತ್ತು ಸಲ ಕೇಳಿದರೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತನ್ನು ಒಪ್ಪಿಸುತ್ತದೆ.

ನಿರಾಕರಣೆಯೇ ಬಂದರೂ ಅದು ಕೊನೆಯಲ್ಲ. ಪ್ರವಾಸಿ ವೀಸಾದ ನಿರಾಕರಣೆಯ ಮೇಲೆ ಅಪೀಲು ಇಲ್ಲ. ಆದರೆ ಅದರಿಂದ ಮೊದಲನೆಯ ಅರ್ಜಿ ಬಿದ್ದುಹೋಗುವುದೂ ಇಲ್ಲ, ಎರಡೂ ಬೇರೆ ಬೇರೆ ಕಡತಗಳು. ಅಧಿಕಾರಿಯು ಒಳಗೆ ಬರೆದಿಟ್ಟ ಟಿಪ್ಪಣಿಯ ಪ್ರತಿಯನ್ನು ಅಲ್ಲಿರುವ ಗಂಡನು ಹೆಂಡತಿಯ ಸಮ್ಮತಿಪತ್ರದೊಡನೆ 5 ಡಾಲರು ಕಟ್ಟಿ ಕೇಳಬಹುದು. ಅದನ್ನೋದಿ, ಎಲ್ಲಿ ನಂಬಿಕೆ ಹುಟ್ಟಲಿಲ್ಲವೋ ಅಲ್ಲಿಗೆ ಹೊಸ ಪುರಾವೆ ಒದಗಿಸಿ ಮರಳಿ ಅರ್ಜಿ ಹಾಕುವುದು ವಿವೇಕ. ಮೊದಲಿನ ಕಾಗದಗಳನ್ನೇ ಹಾಗೆಯೇ ಮತ್ತೆ ಕಳುಹುವುದು ಹಣದ ನಷ್ಟ. ನಿರ್ಣಯವೇ ಅಸಂಗತವೆಂದು ತೋರಿದರೆ, ಹೊರದೇಶದಲ್ಲಾದ ನಿರ್ಣಯವಾದ್ದರಿಂದ 60 ದಿನಗಳೊಳಗೆ ಅಲ್ಲಿಯ ಫೆಡರಲ್ ನ್ಯಾಯಾಲಯದ ಅನುಮತಿ ಕೇಳಬಹುದು. ಹಣ ಪಡೆದು ಈ ಕೆಲಸ ಮಾಡಿಕೊಡುವ ಅಧಿಕಾರ ಅಲ್ಲಿಯ ವಕೀಲರಿಗೂ ಪರವಾನಗಿ ಪಡೆದ ಸಲಹೆಗಾರರಿಗೂ ಮಾತ್ರ ಉಂಟೆಂಬುದನ್ನು ನಮ್ಮ ಪೇಟೆಯ ಫಲಕಗಳನ್ನು ನೋಡುವಾಗ ನೆನೆಯಬೇಕು.

ಆರು ತಿಂಗಳು

ವೀಸಾ ಬಂದ ದಿನ ಹುಕ್ಕೇರಿಯ ಮನೆಯಲ್ಲಿ ಹೋಳಿಗೆಯಾಗುತ್ತದೆ. ಮೂಡಲಗಿಯಿಂದ ತಾಯಿಯು ಗೋಕಾಕದ ಕರದಂಟನ್ನು, ಅಂಟು ಬೆಲ್ಲಗಳ ಗಟ್ಟಿತನವು ಸಮುದ್ರ ದಾಟಿದರೂ ಸಡಿಲದಂತೆ ಕಟ್ಟಿಸಿ ತರುತ್ತಾಳೆ. ತಿನಿಸು ತಂದದ್ದನ್ನು ಆ ದೇಶದ ಸುಂಕದ ಕಟ್ಟೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದ ಇನ್ನೊಂದು ಮಾತೂ ಅಲ್ಲಿಯೇ ಇದೆ. ಪಾಸ್‌ಪೋರ್ಟಿನಲ್ಲಿ ಚೀಟಿ ಅಂಟಿಸಿದ್ದು ಬಾಗಿಲ ವರೆಗಿನ ಅನುಮತಿ ಮಾತ್ರ. ಒಳಗೆ ಬಿಡುವವನು ವಿಮಾನ ನಿಲ್ದಾಣದ ಅಧಿಕಾರಿ. ಏಕೆ ಬಂದಿರುವಿರೆಂದು ಅವನು ಕೇಳಿದಾಗ ‘ಸಹಲು ಬಂದೆ’ ಎನ್ನಬಾರದು; ಗಂಡನ ಬಳಿಗೆ ಬಂದೆ, ಕಾಯಂ ಅರ್ಜಿ ನಡೆದಿದೆ, ಇಂಥ ದಿನ ಮರಳುತ್ತೇನೆ ಎನ್ನಬೇಕು. ಬೇರೆ ಅವಧಿಯನ್ನು ಬರೆಯದಿದ್ದರೆ ಒಳಬಂದ ದಿನದಿಂದ ಆರು ತಿಂಗಳು ಇರಬಹುದು. ಇನ್ನೂ ಇರಬೇಕಾದರೆ ಅವಧಿ ತೀರುವ 30 ದಿನ ಮುಂಚೆಯಾದರೂ ವಿಸ್ತರಣೆ ಕೋರುವುದು ಕ್ಷೇಮ. 2023ರ ಅದೇ ಪ್ರಕಟಣೆಯಂತೆ, ಜಾಮೀನಿನ ಅರ್ಜಿ ಸಲ್ಲಿಸಿ ಗಂಡನೊಡನೆ ವಾಸಿಸುವವರು ಅಲ್ಲಿಂದಲೇ ಕೆಲಸದ ಪರವಾನಗಿ ಕೇಳುವ ದಾರಿಯೂ ಆಯಿತು. ಇಂಥ ಧೋರಣೆಗಳು ಸರಕಾರದೊಡನೆ ಬದಲಾಗುವುದರಿಂದ ಹೊರಡುವ ಮುನ್ನ ಇಲಾಖೆಯ ಇಂದಿನ ನಿಯಮವನ್ನು ನೋಡಿಕೊಳ್ಳಬೇಕು.

ನಾನು ಹೇಳಿದ ಮನೆಯ ಸೊಸೆಯು ವಿಸ್ತರಣೆ ಕೇಳಲಿಲ್ಲ. ಶಾಲೆ ತೆರೆಯುವ ದಿನವನ್ನು ಪತ್ರದಲ್ಲಿ ಬರೆದುಕೊಟ್ಟಿದ್ದಳಾದ್ದರಿಂದ, ಕೊಟ್ಟ ಅವಧಿಯಲ್ಲಿ ಹನ್ನೊಂದು ದಿನಗಳು ಉಳಿದಿರುವಾಗಲೇ ಹೊರಟು ಬಂದಳು. ಓಣಿಯ ಮುದುಕಿಯೊಬ್ಬಳು ಕಟ್ಟೆಯ ಮೇಲಿಂದಲೇ ‘ಬಂದ್ಯಾ ಯವ್ವಾ?’ ಎಂದಳು, ಸಂಕೇಶ್ವರದ ಸಂತೆಗೆ ಹೋಗಿ ಬಂದವಳನ್ನು ಕೇಳುವ ಧಾಟಿಯಲ್ಲಿಯೇ. ‘ಬಂದೆ ಅಮ್ಮಾ’ ಎಂದು ಇವಳು ಒಳಗೆ ಹೋದಳು. ಮೊದಲನೆಯ ಅರ್ಜಿಯು ಇನ್ನೂ ಪರಿಶೀಲನೆಯಲ್ಲಿತ್ತು.

ಅದು ಮಂಜೂರಾದದ್ದು ಮುಂದಿನ ಪಂಚಮಿಯ ಹೊತ್ತಿಗೆ. ಈ ಸಲದ ಕಾಗದದಲ್ಲಿ ಮರಳುವ ತಾರೀಖು ಇರಲಿಲ್ಲ, ರಜೆಯ ಪತ್ರವಿರಲಿಲ್ಲ. ಶಾಲೆಗೆ ರಾಜೀನಾಮೆ ಕೊಟ್ಟಾಗಿತ್ತು. ಬರುವೆನೆಂದು ಯಾವ ಅಧಿಕಾರಿಗೂ ಅವಳು ಮಾತು ಕೊಡಬೇಕಾಗಿರಲಿಲ್ಲ. ಪೆಟ್ಟಿಗೆಗಳನ್ನು ಗಾಡಿಯಲ್ಲಿಟ್ಟ ಮೇಲೆ ಅತ್ತೆ ಕುಂಕುಮದ ಭರಣಿ ಹಿಡಿದು ಹೊಸ್ತಿಲಲ್ಲಿ ನಿಂತರು. ಹುಡುಗಿ ಬಾಗಿ ಕಾಲು ಮುಟ್ಟಿ, ಎದ್ದು, ಯಾರೂ ತಿದ್ದದೆಯೇ ಹೇಳಿದಳು: ‘ಹೋಗಿ ಬರ್ತೀನ್ರಿ.’